ಬಾಗಿಲ ಮೇಲಿನ ಹೆಸರು

"ಇದಕ್ಕೆ ಹೆಸರು ಮಾತ್ರ ಇಡ್ಬೇಡಿ ಮೇಷ್ಟ್ರೇ," ಎಂದ ಟೆಗಿಡ್, ಲಾರಿಯಿಂದ ಯಂತ್ರ ಇಳಿಸುತ್ತ.

ಎಮ್ಲಿನ್ ಮೇಷ್ಟ್ರು ನಕ್ಕುಬಿಟ್ಟರು. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು, ವೇಲ್ಸಿನ ಆ ಕಣಿವೆಯ ರೈಲು ಮ್ಯೂಸಿಯಮ್ಮಿಗೆ ಸ್ವಯಂಸೇವಕರಾಗಿ ಸೇರಿ ಎರಡೇ ತಿಂಗಳಾಗಿತ್ತು. ಗುಡ್ಡ ಕುಸಿದು ಮುಚ್ಚಿದ ಹಳಿಯನ್ನು ಗುದ್ದಲಿಯಲ್ಲಿ ಬಿಡಿಸುತ್ತ ಅಲ್ಲಿನ ಮುದುಕರ ಸೊಂಟ ಬಿದ್ದುಹೋಗಿದ್ದರಿಂದ, ಜಪಾನಿನಿಂದ ಬಂದ ಈ ಹಳೆಯ ಅಗೆಯುವ ಯಂತ್ರವನ್ನು ಅವರೇ ಹುಡುಕಿ ಕೊಡಿಸಿದ್ದರು.

"ಅಲ್ಲೆಲ್ಲೋ ಒಂದು ಗುಡ್ಡದ ಸಮಾಧಿಗಳನ್ನ ಕಿತ್ತಿತ್ತಂತೆ ಇದು. ಒಬ್ಬ ಅಜ್ಜಿ ಮಾಟ ಮಾಡಿದ್ಲಂತೆ, ಯಾರ ಹೆಸರು ಹೊರ್ತೀಯೋ ಅವರನ್ನೇ ಮಣ್ಣು ಮಾಡು ಅಂತ. ಬಾಗಿಲು ನೋಡಿ, ಎಷ್ಟು ಹೆಸರು ಅಳಿಸೋಕೆ ಕೆರೆದಿದಾರೆ."

"ಲೋ, ಕ್ಲಾಸಲ್ಲೂ ಹಿಂಗೇ ರೀಲು ಬಿಡ್ತಿದ್ದೆ. ನಲವತ್ತಾದ್ರೂ ಬುದ್ಧಿ ಬರ್ಲಿಲ್ವಲ್ಲೋ! ಬಾ, ಟೀ ಕುಡಿ."

ಆ ಮ್ಯೂಸಿಯಮ್ಮಿನಲ್ಲಿ ಹೆಸರಿಲ್ಲದ ಯಂತ್ರವೇ ಇಲ್ಲ. ತಳ್ಳುಗಾಡಿಗೂ ಒಂದು ಹೆಸರಿದೆ. ಎಮ್ಲಿನ್ ಹಳದಿ ಬಣ್ಣ ಕಲಸಿ ಯಂತ್ರದ ಬಾಗಿಲ ಮೇಲೆ ಹೆಂಡತಿಯ ಹೆಸರು ಬರೆದರು: ನೆಸ್ಟಾ. ಪಕ್ಕದ ಟೀ ಮೇಜಿನಲ್ಲಿ ಹಣ್ಣಿನ ಬ್ರೆಡ್ಡು ಕೊಯ್ಯುತ್ತಿದ್ದ ನೆಸ್ಟಾ, "ಈ ವಯಸ್ಸಲ್ಲಿ ಇದೊಂದು ಬೇಕಿತ್ತಾ?" ಎಂದರು. ಒಳಗೊಳಗೇ ಹಿಗ್ಗಿದ್ದರು.

ಎಮ್ಲಿನ್ ಹತ್ತಿ ಕೂತು ಕೀಲಿ ತಿರುಗಿಸಿದರು. ಡೀಸೆಲ್ ಹೊಗೆಯ ಅಡಿಯಲ್ಲಿ ಇನ್ನೊಂದು ವಾಸನೆ ಎದ್ದಿತು, ಬಹಳ ಕಾಲ ಮುಚ್ಚಿಟ್ಟ ಹಸಿ ಮಣ್ಣಿನದು. ತೋಳಿನ ತುದಿಯ, ಮಣ್ಣು ಬಗೆಯುವ ಬಕೆಟ್ಟು ನೆಲಕ್ಕಿಳಿಯಿತು.

ನೆಸ್ಟಾ ಕೆಮ್ಮಿದರು. ಬ್ರೆಡ್ಡು ಸಿಕ್ಕಿಕೊಂಡಿರಬೇಕೆಂದು ಟೆಗಿಡ್ ಅವರ ಬೆನ್ನು ತಟ್ಟಿದ. ಬಕೆಟ್ಟು ಎರಡನೆಯ ಸಲ ಇಳಿದಾಗ ಆಕೆಯ ಬಾಯಿಂದ ಕಪ್ಪು ಮಣ್ಣು ಬಿತ್ತು. ಬಿಳಿ ಮೇಜುಬಟ್ಟೆಯ ಮೇಲೆ, ಬೇರುಗಳ ಸಮೇತ.

ಎಮ್ಲಿನ್ ಕೀಲಿ ಕಿತ್ತರು. ಎಂಜಿನ್ ನಿಲ್ಲಲಿಲ್ಲ. ಕೆಳಗೆ ಹಾರಿದರು. ಯಂತ್ರದ ತೋಳು ತಾನೇ ಎದ್ದಿತು. ಇಳಿಯಿತು. ಚಾಕು ತೆಗೆದು ಹೆಸರು ಕೆರೆದರು. ಬಣ್ಣ ಉದುರಿತು. ಹೆಸರು ಹೋಗಲಿಲ್ಲ. ಸುತ್ತಲೂ ಹಳೆಯ ಕೆರೆತಗಳು. ಹಿಂದಿನವರೆಲ್ಲರೂ ಹೀಗೆಯೇ ಕೆರೆದಿದ್ದರು. ಯಾರನ್ನೂ ಉಳಿಸಿಕೊಂಡಿರಲಿಲ್ಲ.

"ಮೇಷ್ಟ್ರೇ, ಉಸಿರಾಡ್ತಿಲ್ಲ ಇವರು!"

ಅದರ ಮೇಲೆ ಬೇರೆ ಹೆಸರು ಬರೆದರೆ? ತನ್ನದೇ ಬರೆದರೆ? ಕುಂಚ ಎತ್ತಿದರು. ಬಾಗಿಲ ಹತ್ತಿರ ತಂದು ನಿಲ್ಲಿಸಿದರು. ಹೆದರಿಕೆ. ಬರೀ ಹೆದರಿಕೆ. ನೆಸ್ಟಾಳ ಕಣ್ಣು ತಮ್ಮ ಮೇಲೆಯೇ ಇತ್ತು. ಬಕೆಟ್ಟು ಮತ್ತೆ ಎದ್ದಿತು. ಐದು ವರ್ಷ ದಿನಾ ಬೆಳಗ್ಗೆ ಹಾಜರಿ ಕರೆದಿದ್ದ ಹೆಸರೊಂದು ಕೈಗೆ ಬಂತು. ಬರೆದೇಬಿಟ್ಟರು.

ನೆಸ್ಟಾ ದೀರ್ಘವಾಗಿ ಉಸಿರೆಳೆದುಕೊಂಡರು.

ಆಕೆಯನ್ನು ಇನ್ನೂ ಹಿಡಿದುಕೊಂಡಿದ್ದ ಟೆಗಿಡ್ ತಲೆಯೆತ್ತಿ ಹಸಿ ಬಣ್ಣದಲ್ಲಿ ತನ್ನ ಹೆಸರು ಓದಿದ. ಓಡಲಿಲ್ಲ. ನೆಸ್ಟಾಳನ್ನು ಮೆಲ್ಲಗೆ ಕುರ್ಚಿಗೆ ಒರಗಿಸಿ, ಗಂಟಲ ಮೇಲೆ ಕೈಯಿಟ್ಟುಕೊಂಡ.

"ನಿಮ್ದು ಬರೀಬೋದಿತ್ತಲ್ಲ, ಮೇಷ್ಟ್ರೇ," ಎಂದ.

ಬಕೆಟ್ಟು ಇಳಿಯಿತು.