ಟ್ಯಾಮರಾಕ್ ಗುಡ್ಡದ ಇಕ್ಕಟ್ಟು ದಾರಿ

ಹಿಂದಿನಿಂದ ಕಾರ್ಬಿನ್‌ನ ಲಾರಿ ನನ್ನ ಜೀಪಿಗೆ ಗುದ್ದಿತು.

ಊರ ರಸ್ತೆಯ ಹಿಮ ಗೋರಲು ಅವನು ಓಡಿಸುವ ಲಾರಿ ಅದು. ಮುಂದೆ ಕಬ್ಬಿಣದ ದೊಡ್ಡ ಹಲಗೆ. ಇನ್ನೊಂದು ಗುದ್ದು ಬಿದ್ದರೆ ನಾನು ಕಣಿವೆಯ ಪಾಲು!

ಗೇರ್ ಇಳಿಸಿದೆ. ಜೀಪು ಅಡ್ಡಡ್ಡ ಜಾರುತ್ತಲೇ ತಿರುವು ದಾಟಿತು. ಅಲ್ಲಿಂದ ಮೇಲಕ್ಕೆ ರಸ್ತೆಯ ಎರಡೂ ಬದಿಗೆ ಸ್ಕೀ ಆಡಲು ಬಂದವರ ಕಾರುಗಳು. ನಡುವಿನ ಸಂದಿಯಲ್ಲಿ ನಾನು ನುಸುಳಿದೆ.

ಅವನ ಲಾರಿ ನುಸುಳಲಿಲ್ಲ. ಹಲಗೆ ಎರಡು ಕಾರುಗಳ ನಡುವೆ ಕಚ್ಚಿಕೊಂಡಿತು. ನಾನೂ ಜೀಪು ನಿಲ್ಲಿಸಿದೆ.

ಕಾರ್ಬಿನ್ ಸಲಿಕೆ ಹಿಡಿದು ಓಡಿ ಬಂದ. ಅವನ ಸಿಟ್ಟಿಗೆ ಕಾರಣವಿತ್ತು. 'ಇಲ್ಲಿ ವಾಹನ ನಿಲ್ಲಿಸಬೇಡಿ' ಎಂಬ ಫಲಕಗಳನ್ನು ನಾನು ಕೀಳುವುದನ್ನು ಅವನು ಕಣ್ಣಾರೆ ಕಂಡಿದ್ದ. ಕಿತ್ತ ಮೇಲೆ ಕಿತ್ತಳೆ ಜಾಕೆಟ್ ತೊಟ್ಟು, ಕೈ ಬೀಸಿ, ಆ ಕಾರುಗಳನ್ನೆಲ್ಲ ಅಲ್ಲಿ ನಿಲ್ಲಿಸಿದವನೂ ನಾನೇ.

ಗುಡ್ಡದ ಸ್ಕೀ ರೆಸಾರ್ಟಿನ ಒಡತಿ ವಿಟ್‌ಲಾಕ್ ಒಪ್ಪಿಸಿದ ಕೆಲಸ ಅದು. ಊರ ಹುಲ್ಲುಗಾವಲಿನಲ್ಲಿ ಅವಳಿಗೆ ಆರು ಅಂತಸ್ತಿನ ಪಾರ್ಕಿಂಗ್ ಕಟ್ಟಡ ಬೇಕಿತ್ತು. ಊರು ಒಪ್ಪಿರಲಿಲ್ಲ. ಕಾರುಗಳಿಂದ ರಸ್ತೆ ಕಟ್ಟಿಹೋದರೆ ಊರವರು ತಾವಾಗಿಯೇ ಬಂದು ಕಟ್ಟಡ ಕೇಳುತ್ತಾರೆ ಎಂಬುದು ಅವಳ ಲೆಕ್ಕಾಚಾರ.

"ಡೆಕ್ಕರ್, ಇಳಿಯೋ ಕೆಳಗೆ," ಎಂದ ಕಾರ್ಬಿನ್.

ಇಳಿದೆ. ಅವನು ಸಲಿಕೆ ಎತ್ತಿದ...

ಅಷ್ಟರಲ್ಲಿ ಕೆಳಗಿನಿಂದ ಸೈರನ್.

ಲಾರಿಯ ಹಿಂದೆ ಆಂಬುಲೆನ್ಸ್ ಬಂದು ನಿಂತಿತ್ತು. ಅದರ ನರ್ಸ್ ಚೀಲ ಹೊತ್ತು ಓಡಿ ಬಂದಳು. ಗುಡ್ಡದ ತುದಿಯ ಓಪಲ್ ಅಜ್ಜಿಗೆ ಎದೆನೋವಂತೆ.

ಸಲಿಕೆ ಕೆಳಗಿಳಿಯಿತು. ಊರ ಮಕ್ಕಳಿಗೆಲ್ಲ ಸ್ಕೀ ಕಲಿಸಿದವಳು ಓಪಲ್. ಅದೂ ಆ ಹುಲ್ಲುಗಾವಲಿನಲ್ಲೇ. ಕಟ್ಟಡ ಬೇಡವೆಂದು ಮೊದಲು ಎದ್ದು ನಿಂತವಳೂ ಅವಳೇ.

ಮೂವರೂ ಜೀಪು ಹತ್ತಿದೆವು. ಅಜ್ಜಿ ಅಡುಗೆಮನೆಯ ನೆಲದಲ್ಲಿ ಬೂದಿಬಣ್ಣಕ್ಕೆ ತಿರುಗಿ ಬಿದ್ದಿದ್ದಳು. ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಗುಡ್ಡ ಇಳಿದೆವು. ಲಾರಿ ಇದ್ದಲ್ಲಿ ದಾರಿಯೇ ಇಲ್ಲ. ಕಂಬಳಿಯಲ್ಲಿ ಸುತ್ತಿ, ಕಾರುಗಳ ಬಾನೆಟ್ ಹತ್ತಿ ಇಳಿದು, ಆಂಬುಲೆನ್ಸಿಗೆ ತಲುಪಿಸಿದೆವು. ಉದ್ದಕ್ಕೂ ಅವಳು ನನ್ನ ತೋಳು ಬಿಡಲಿಲ್ಲ.

ಬದುಕಿದಳು.

ಊರಿನ ಸಭೆಗೆ ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡೇ ಬಂದಳು. ಎಲ್ಲರೆದುರು ನನ್ನ ಕೈ ಹಿಡಿದಳು.

"ಈ ಹುಡುಗ ಇಲ್ದಿದ್ರೆ ನಾನಿವತ್ತು ಇರ್ತಿರ್ಲಿಲ್ಲ. ಹುಲ್ಲುಗಾವಲು ಹೋದ್ರೆ ಹೋಗ್ಲಿ ಕಣ್ರಪ್ಪಾ. ಆ ರಸ್ತೆ ಇನ್ನೊಬ್ರನ್ನ ಕೊಲ್ಲೋದು ಬೇಡ. ಕಟ್ಟಡ ಆಗ್ಲಿ."

ಜನ ಎದ್ದು ಚಪ್ಪಾಳೆ ತಟ್ಟಿದರು. ನನಗೆ! ವಿಟ್‌ಲಾಕ್ ಕೂಡ ತಟ್ಟಿದಳು. ನನ್ನ ಕಿವಿಗಳು ಕಾದವು. ನೆಲ ನೋಡುತ್ತ ನಿಂತೆ. ನಾಚಿಕೆಯ ಸ್ವಭಾವದ ಹುಡುಗ ಎಂದು ಯಾರೋ ಮೆಚ್ಚಿ ಮಾತಾಡಿಕೊಂಡರು.

ಹೊರಗೆ ಕಾರ್ಬಿನ್ ಕಾಯುತ್ತಿದ್ದ. ನಿಜ ಹೇಳಿಬಿಡುತ್ತೇನೆ ಎಂದೆ.

ಅವನು ಬೇಡವೆಂದು ತಲೆಯಾಡಿಸಿದ.

"ಆಂಬುಲೆನ್ಸಿಗೆ ಅಡ್ಡ ನಿಂತಿದ್ದು ನನ್ನ ಲಾರಿ ಕಣಯ್ಯಾ. ನೀನು ಬಾಯಿ ಬಿಟ್ರೆ ನಾನೂ ಬಿಡ್ಬೇಕಾಗುತ್ತೆ."

ನೀನೂ ಬಾಯಿ ಬಿಡು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವನೂ ಮತ್ತೆ ಆ ಮಾತೆತ್ತಲಿಲ್ಲ. ಇಬ್ಬರೂ ಬೇರೆ ಬೇರೆ ದಾರಿ ಹಿಡಿದೆವು.

ಹಿಮ ಕರಗುವ ಮೊದಲೇ ಹುಲ್ಲುಗಾವಲಿಗೆ ಬುಲ್ಡೋಜರ್ ಇಳಿಯಿತು.

ಈಗ ಪ್ರತಿ ಭಾನುವಾರ ಓಪಲ್ ಅಜ್ಜಿ ನನಗೆಂದು ಸೇಬಿನ ಪೈ ಮಾಡಿ ಕಳಿಸುತ್ತಾಳೆ.

ತಿನ್ನುತ್ತೇನೆ. ರುಚಿಯಾಗಿಯೇ ಇರುತ್ತದೆ... ಅದೇ ಕಷ್ಟ.