ಮಾಮ ಅಂದರೆ ಯಾರು?

“ಮಾಮ! ಮಾಮ!”

ಬಸ್ ನಿಲ್ದಾಣದ ಅನೌನ್ಸ್‌ಮೆಂಟ್ ಕೋಣೆಯಲ್ಲಿ ಪುಟ್ಟ ಹುಡುಗನೊಬ್ಬ ಗಂಟಲು ಹರಿಯುವಂತೆ ಅಳುತ್ತಿದ್ದ. ಒಬ್ಬನೇ ಅಲೆಯುತ್ತಿದ್ದವನನ್ನು ಗಾರ್ಡ್ ಆಗಷ್ಟೇ ಎತ್ತಿಕೊಂಡು ಬಂದಿದ್ದರು.

“ಸೋದರಮಾವನ ಜೊತೆ ಬಂದಿರ್ಬೇಕು,” ಎಂದರು ಗಾರ್ಡ್.

“ಅಯ್ಯೋ, ಮಗು ಮಮ್ಮು ಕೇಳ್ತಿದೆ ಕಣ್ರೀ,” ಎಂದು ಕ್ಯಾಂಟೀನ್ ಅಜ್ಜಿ ಬನ್ ಕೊಟ್ಟರು. ಹುಡುಗ ಅದನ್ನು ತಳ್ಳಿಬಿಟ್ಟ.

ಮೈಕಿನ ಮುಂದೆ ಕೂತಿದ್ದವಳು ಪಟ್ಟುವಿನ ಅಮ್ಮ. “ಅಳ್ತಾ ಬೇರೇನೋ ಹೇಳ್ತಿದಾನಲ್ಲ, ಇವನದು ಹೊರದೇಶದ ಮಾತು. ಎಷ್ಟೋ ಕಡೆ ಮಾಮ ಅಂದ್ರೆ ಅಮ್ಮ,” ಎಂದವಳೇ, ಮಗುವಿನ ತಾಯಿ ಕೂಡಲೇ ಬರಬೇಕೆಂದು ಎರಡು ಭಾಷೆಗಳಲ್ಲಿ ಕೂಗಿದಳು.

ಯಾರೂ ಬರಲಿಲ್ಲ.

ಮೂಲೆಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಪಟ್ಟು ಎದ್ದಳು. ಹಿಡಿದದ್ದನ್ನು ಬಿಡದವಳೆಂದೇ ಮನೆಯಲ್ಲಿ ಅವಳಿಗೆ ಆ ಹೆಸರು.

“ಸುಮ್ನಿರೇ, ದೊಡ್ಡೋರು ನೋಡ್ಕೋತಾರೆ.”

“ಅವನನ್ನೇ ಯಾರೂ ಕೇಳಿಲ್ವಲ್ಲಮ್ಮ!”

ಪಟ್ಟು ನೆಲದ ಮೇಲೆ ಕೂತು ಕಾಗದದಲ್ಲಿ ಉದ್ದ ಕೂದಲಿನ ಹೆಂಗಸನ್ನು ಬರೆದಳು. ಹುಡುಗ ಅಲ್ಲವೆಂದು ತಲೆಯಾಡಿಸಿ ಇನ್ನೂ ಜೋರಾಗಿ ಅತ್ತ. ಗಂಡಸನ್ನು ಬರೆದಳು. ಅಳು ನಿಂತಿತು. ಹುಡುಗ ಪೆನ್ಸಿಲ್ ಕಸಿದು ಚಿತ್ರದ ಗಲ್ಲದ ತುಂಬ ಗೀಚಿದ.

“ಗಡ್ಡ!” ಎಂದಳು ಪಟ್ಟು. “ಅಮ್ಮಾ, ಅವನೇ ಮೈಕಲ್ಲಿ ಕರೀಲಿ.”

“ಮೈಕು ಆಟದ ಸಾಮಾನಲ್ಲ.”

“ನಾನು ಆಟ ಆಡ್ತಿಲ್ಲಮ್ಮ.”

ಅಮ್ಮ ಮಗಳ ಮುಖವನ್ನೇ ನೋಡಿದಳು. ಆಮೇಲೆ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

“ಮಾ...ಮ!” ಇಡೀ ನಿಲ್ದಾಣಕ್ಕೆ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಗಡ್ಡದವರೊಬ್ಬರು ಜನರನ್ನು ಸೀಳಿಕೊಂಡು ಓಡಿಬಂದರು. ಹುಡುಗ ಅವರ ಕೊರಳಿಗೆ ಜೋತುಬಿದ್ದ.

“ನೋಡಿದ್ರಾ? ಮಾವನೇ!” ಎಂದು ಬೀಗಿದರು ಗಾರ್ಡ್.

“ಅಲ್ಲ, ನಾನು ಅಪ್ಪ,” ಎಂದರು ಅವರು ಏದುಸಿರು ಬಿಡುತ್ತಾ, ಅರ್ಧಂಬರ್ಧ ಕನ್ನಡದಲ್ಲಿ. “ನಮ್ದು ಜಾರ್ಜಿಯನ್ ಭಾಷೆ. ಮಾಮ ಅಂದ್ರೆ ಅಪ್ಪ. ದೇದ ಅಂದ್ರೆ ಅಮ್ಮ.”

ಅಜ್ಜಿಗೆ ನಗು ತಡೆಯಲಾಗಲಿಲ್ಲ. “ಕೂಸು ತುಟಿ ಮುಚ್ಚಿ ತೆರೆದ್ರೆ ‘ಮಾ’ ಅಂತ ತಾನೇ ಬರುತ್ತೆ. ಪಕ್ಕದಲ್ಲಿದ್ದೋರು ನನ್ನನ್ನೇ ಕರೀತು ಅಂತ ಹಿಗ್ಗಿರ್ತಾರೆ!”

ಪಟ್ಟು ಮೆಲ್ಲಗೆ ತುಟಿ ಮುಚ್ಚಿ ತೆರೆದು ನೋಡಿದಳು. ಹೌದಲ್ಲ!

ಹೊರಡುವಾಗ ಹುಡುಗ ಅಪ್ಪನ ಹೆಗಲ ಮೇಲಿಂದಲೇ ಮೈಕಿನ ಮುಂದಿದ್ದವಳ ಕಡೆ ಬೆರಳು ತೋರಿಸಿ ಪಟ್ಟುವನ್ನು ಕೇಳಿದ, “ದೇದ?”

ಪಟ್ಟು ಅಮ್ಮನಿಗೆ ಒರಗಿ ನಿಂತಳು.

“ಹೂಂ,” ಎಂದಳು. “ನನ್ನ ದೇದ.”