ಮುಟ್ಟದೆ ಬಿಟ್ಟ ಎರಡನೇ ಟ್ಯಾಂಕು

ಜೂನ್ ಹದಿನೇಳು, ಮಂಗಳವಾರ. ಬೆಳಿಗ್ಗೆ ಏಳು ಗಂಟೆಗೆ ಮುಂಚೆಯೇ ಬಿಸಿಲು ಚುರುಕಾಗಿತ್ತು. ಪೆಯ್ರಾಲ್ಬ್ ಎಂಬ ವೈನ್ ಊರಿನ ಠಾಣೆಯ ಹಿಂದಿರುವ ಪೊಲೀಸ್ ಮನೆಗಳ ಅಂಗಳದಲ್ಲಿ ಇನ್‌ಸ್ಪೆಕ್ಟರ್ ಸೊಲೀನ್ ಕಬ್ರೋಲ್ ಒಗೆದ ಬಟ್ಟೆ ಹರವುತ್ತಿದ್ದಳು. ಗಾಳಿ ಏಳುವುದರೊಳಗೆ ದುಪ್ಪಟಿಗಳಿಗೆ ಕ್ಲಿಪ್ ಸಿಕ್ಕಿಸಿಬಿಡಬೇಕು, ಇಲ್ಲದಿದ್ದರೆ ಅವು ಪಕ್ಕದ ದ್ರಾಕ್ಷಿ ತೋಟದಲ್ಲಿ ಸಿಗುತ್ತವೆ. ಅಷ್ಟರಲ್ಲಿ ಪೇದೆ ತಿಬೋ ವಿದಾಲ್ ಓಡಿ ಬಂದ.

"ಮೇಡಂ, ಗಾಲ್ತಿಯೇ ಅವರು ಬಂದಿದ್ದಾರೆ. ಕೂತ್ಕೊಳ್ಳಿ ಅಂದ್ರೆ ಕೂರ್ತಿಲ್ಲ. ಅವರು ನಡೆದ ಕಡೆಯೆಲ್ಲ ನೆಲ ಕೆಂಪು."

"ರಕ್ತವಾ?"

"ವೈನು."

ಸೊಲೀನ್ ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪನ್ನು ತೆಗೆದು ಬುಟ್ಟಿಗೆ ಹಾಕಿದಳು. ಒದ್ದೆ ಬಟ್ಟೆ ಬುಟ್ಟಿಯಲ್ಲೇ ಉಳಿಯಿತು.

ಅರ್ಮಾನ್ ಗಾಲ್ತಿಯೇ ಊರಿನ ದೊಡ್ಡ ಬೆಳೆಗಾರ, ಬೆಳೆಗಾರರ ಸಂಘದ ಅಧ್ಯಕ್ಷ. ಯಾರ ಬಾಟಲಿಯ ಮೇಲೆ ಪೆಯ್ರಾಲ್ಬ್ ಎಂಬ ಹೆಸರು ಅಚ್ಚಾಗಬಹುದು, ಯಾರದರ ಮೇಲೆ ಆಗಬಾರದು ಎಂದು ಪ್ರತಿ ವರ್ಷ ರುಚಿ ನೋಡಿ ತೀರ್ಮಾನಿಸುವ ಸಮಿತಿಗೂ ಅವನೇ ಮುಖ್ಯಸ್ಥ. ಠಾಣೆಯೊಳಗೆ ಅವನು ಮೇಜಿಗೆ ಕೈಯೂರಿ ನಿಂತಿದ್ದ. ಅವನ ದೂರು ಚಿಕ್ಕದಾಗಿತ್ತು. ರಾತ್ರಿ ಯಾರೋ ತನ್ನ ಉಗ್ರಾಣಕ್ಕೆ ನುಗ್ಗಿ, ಕಳೆದ ವರ್ಷದ ಕೆಂಪು ವೈನ್ ತುಂಬಿದ್ದ ಮೂರು ಟ್ಯಾಂಕುಗಳನ್ನು ತೆರೆದು ಚರಂಡಿಗೆ ಬಿಟ್ಟಿದ್ದಾರೆ. ಮುಂದಿನ ವಾರ ಬಾಟಲಿಗೆ ತುಂಬಬೇಕಾಗಿದ್ದ ವೈನ್ ಅದು.

"ಕಳ್ಳನನ್ನ ನಾನೇ ಹಿಡಿದಿಟ್ಟಿದ್ದೀನಿ. ನೀವು ಬೇಡಿ ತಗೊಂಡು ಬಂದ್ರೆ ಸಾಕು" ಎಂದ ಗಾಲ್ತಿಯೇ.

"ಹಿಡಿದಿಟ್ಟಿದ್ದೀನಿ ಅಂದ್ರೆ?"

"ಸಾಮಾನಿನ ಕೊಟ್ಟಿಗೆಗೆ ಹಾಕಿ ಬೀಗ ಜಡಿದಿದ್ದೀನಿ. ಆ ಮೊರಾಕೋದವನು, ದ್ರಿಸ್. ಹೋದ ವಾರ ಕೆಲಸದಿಂದ ತೆಗೆದಿದ್ದೆ. ಹೊಟ್ಟೆಕಿಚ್ಚು."

ಎಫ್‌ಐಆರ್ ಬರೆಯುತ್ತಿದ್ದ ತಿಬೋ ತಲೆ ಎತ್ತಿ ಸೊಲೀನಳ ಮುಖ ನೋಡಿದ. ಅವಳ ಕಿವಿಗಳು ಕೆಂಪಾಗಿದ್ದವು. ಅವಳ ಕೈಕೆಳಗೆ ನಾಲ್ಕು ವರ್ಷ ಕೆಲಸ ಮಾಡಿದವನಿಗೆ ಅದರ ಅರ್ಥ ಗೊತ್ತಿತ್ತು.

ಏಳೂವರೆಗೆ ಅವರು ಉಗ್ರಾಣ ತಲುಪಿದರು. ಬೀದಿಯ ಇಳಿಜಾರಿನುದ್ದಕ್ಕೂ ವೈನ್ ಹರಿದಿತ್ತು, ನೊಣಗಳು ಮುತ್ತಿದ್ದವು. ಸೊಲೀನ್ ಮೊದಲು ಮಾಡಿದ ಕೆಲಸ ಕೊಟ್ಟಿಗೆಯ ಬೀಗ ತೆಗೆಸಿದ್ದು. ಒಳಗೆ ಔಷಧಿ ಡಬ್ಬಗಳ ಮಧ್ಯೆ ದ್ರಿಸ್ ಮಂಡಿ ಹಿಡಿದು ಕೂತಿದ್ದ. ಐವತ್ತು ದಾಟಿದ ಮನುಷ್ಯ. ತುಟಿ ಒಡೆದಿತ್ತು.

"ಯಾರು ಹೊಡೆದಿದ್ದು?"

ದ್ರಿಸ್ ಗಾಲ್ತಿಯೇ ಕಡೆ ನೋಡಿದ.

"ತಿಬೋ, ಇವರನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗು. ಇದಕ್ಕೆ ಬೇರೆ ಎಫ್‌ಐಆರ್ ಆಗತ್ತೆ."

"ಏನ್ರೀ ಮೇಡಂ! ನಷ್ಟ ಆಗಿರೋದು ನಂಗೆ!"

"ನಿಮ್ಮ ದೂರು ತಗೊಂಡಾಯ್ತಲ್ಲ. ಇನ್ನು ಇವರದ್ದು. ಮನುಷ್ಯನನ್ನ ಕೊಟ್ಟಿಗೆಗೆ ಹಾಕಿ ಬೀಗ ಹಾಕೋ ಅಧಿಕಾರ ನಿಮ್ಮ ಸಂಘ ನಿಮಗೆ ಕೊಟ್ಟಿಲ್ಲ. ಪಕ್ಕಕ್ಕೆ ಬನ್ನಿ."

ತಿಬೋ ವಾಪಸು ಬಂದ ಮೇಲೆ ಪಂಚನಾಮೆ ಶುರುವಾಯಿತು. ಎದುರು ಮನೆಯ ಬೇಕರಿಯವನೂ ಟಪಾಲು ಹಂಚುವ ಜೊಸಿಯಾನಳೂ ಪಂಚರು. ಬೇಕರಿಯವನು ಬಾಗಿಲಲ್ಲೇ ನಿಂತು ಮೂಗು ಅರಳಿಸಿದ. "ಇಪ್ಪತ್ತು ವರ್ಷದಿಂದ ಇವನಿಗೆ ಬ್ರೆಡ್ ಕೊಡ್ತಿದ್ದೀನಿ, ಭಾನುವಾರ ಸಭಾಂಗಣದಲ್ಲಿ ಕೊಟ್ಟ ಒಂದು ಗ್ಲಾಸ್ ಬಿಟ್ರೆ ಏನೂ ಕುಡಿಸಿದವನಲ್ಲ. ಇವತ್ತು ಊರಿಗೆಲ್ಲ ಹಂಚಿಬಿಟ್ಟ ನೋಡಿ" ಎಂದ. ಜೊಸಿಯಾನ್ ಅವನ ಕಾಲು ತುಳಿದಳು.

ಉಗ್ರಾಣದಲ್ಲಿ ನಾಲ್ಕು ಉಕ್ಕಿನ ಟ್ಯಾಂಕುಗಳು ಸಾಲಾಗಿದ್ದವು. ಮೈಮೇಲೆ ಸೀಮೆಸುಣ್ಣದಲ್ಲಿ ಬರೆದ ನಂಬರ್ ಬಿಟ್ಟರೆ ಒಳಗೇನಿದೆ ಎಂಬ ಗುರುತಿಲ್ಲ. ಒಂದು, ಮೂರು, ನಾಲ್ಕು ಖಾಲಿ. ಎರಡನೆಯದು ತುಂಬಿದಂತೆಯೇ ಇತ್ತು. ಸೊಲೀನ್ ಏಣಿ ಹತ್ತಿ ಮೇಲಿನಿಂದ ನೋಡಿದಳು. ಖಾಲಿಯಾದ ಮೂರೂ ಟ್ಯಾಂಕುಗಳ ಮುಚ್ಚಳಗಳನ್ನು ತಿರುಗಿಸಿ ತೆಗೆದು, ಅಂಚಿಗೆ ಒರಗಿಸಿ ಇಟ್ಟಿತ್ತು.

"ರಾತ್ರಿ ಮುಚ್ಚಳ ಮುಚ್ಚಿತ್ತಾ?"

"ಬಿಗಿಯಾಗಿ ಮುಚ್ಚಿದ್ದೆ. ಒಳಗೆ ಗಾಳಿ ಹೋದ್ರೆ ವೈನ್ ಹುಳಿಯಾಗಲ್ವಾ?" ಎಂದ ಗಾಲ್ತಿಯೇ.

ಸೊಲೀನ್ ಇಳಿದು ಬಂದಳು. ಅವಳ ತಾಯಿ ಇಂಥದ್ದೇ ಉಗ್ರಾಣಗಳಲ್ಲಿ ದುಡಿದವಳು. ಬಿಗಿಯಾಗಿ ಮುಚ್ಚಿದ ಟ್ಯಾಂಕಿನ ಕೆಳಬಾಯಿ ತೆರೆದರೆ, ವೈನ್ ಇಳಿದಷ್ಟೂ ಒಳಗೆ ಗಾಳಿ ಸೇರದೆ ಉಕ್ಕಿನ ಗೋಡೆ ಕಾಗದದಂತೆ ಒಳಕ್ಕೆ ಮಡಚಿಕೊಳ್ಳುತ್ತದೆ. ಈ ಊರಿನ ಮಕ್ಕಳಿಗೆ ಬಿಸಿ ಒಲೆ ಮುಟ್ಟಬೇಡ ಎಂದು ಕಲಿಸುವಾಗಲೇ ಅದನ್ನೂ ಕಲಿಸುತ್ತಾರೆ. ಸಿಟ್ಟಿನಿಂದ ನುಗ್ಗಿದ ಹೊರಗಿನವನು ಕೆಳಗಿನ ನಲ್ಲಿ ತಿರುಗಿಸಿ ಓಡಿಹೋಗುತ್ತಾನೆ. ಇಲ್ಲಿಗೆ ಬಂದವರು ಕತ್ತಲಲ್ಲಿ ಮೂರು ಸಲ ಏಣಿ ಹತ್ತಿ ಮೊದಲು ಮುಚ್ಚಳ ತೆಗೆದಿದ್ದಾರೆ. ಸುರಿಯಲು ಬಂದವರಿಗೆ ವೈನಿನ ಮೇಲೆ ಕರುಣೆಯಿರಲಿಲ್ಲ, ಆದರೆ ಟ್ಯಾಂಕು ಕೆಡಿಸಲು ಕೈ ಬಂದಿಲ್ಲ.

"ಮೇಡಂ, ಇಲ್ಲಿ ನೋಡಿ" ಎಂದ ತಿಬೋ. ಪ್ರತಿ ಟ್ಯಾಂಕಿನ ಎದೆಮಟ್ಟದಲ್ಲಿ ರುಚಿ ನೋಡಲೆಂದು ಸಣ್ಣ ನಲ್ಲಿ ಇರುತ್ತದೆ. ನಾಲ್ಕೂ ನಲ್ಲಿಗಳ ತುದಿಯಲ್ಲಿ ಹನಿ ಒಣಗಿತ್ತು, ಚೆಲ್ಲದೆ ಬಿಟ್ಟ ಎರಡನೆಯದರಲ್ಲೂ. ಮೂಲೆಯ ಉಗುಳುವ ಬಕೆಟ್ಟಿನ ತಳದಲ್ಲಿ ಇನ್ನೂ ಒಣಗದ ವೈನ್ ಇತ್ತು. ಒಂದು ಗ್ಲಾಸನ್ನು ತೊಳೆದು ಬೋರಲು ಹಾಕಿತ್ತು.

"ಅಂದ್ರೆ ನಾಲ್ಕರದ್ದೂ ರುಚಿ ನೋಡಿ, ಉಗುಳಿ, ಗ್ಲಾಸ್ ತೊಳೆದಿಟ್ಟು, ಆಮೇಲೆ ಯಾವುದನ್ನ ಚೆಲ್ಲಬೇಕು ಅಂತ ಆರಿಸಿದ್ದಾರೆ" ಎಂದಳು ಸೊಲೀನ್. "ಗಾಲ್ತಿಯೇ ಅವರೇ, ದ್ರಿಸ್ ವೈನ್ ಕುಡಿಯೋದನ್ನ ನೀವು ಯಾವತ್ತಾದ್ರೂ ನೋಡಿದ್ದೀರಾ?"

"ಅವನು ಸಾಬಿ, ಬಾಯಿಗೇ ಇಡಲ್ಲ."

"ಸರಿ. ನೀವೇ ಹೇಳಿದ್ರಿ, ಬರ್ಕೋ ತಿಬೋ."

ಅವಳು ಎರಡನೇ ಟ್ಯಾಂಕಿನಿಂದ ಒಂದು ಗುಟುಕು ಹಿಡಿದು ಬಾಯಲ್ಲಿ ತಿರುಗಿಸಿ ಉಗುಳಿದಳು. ತೆಳ್ಳಗೆ, ಸಿಹಿ ಹಣ್ಣಿನ ವಾಸನೆ, ನುಂಗುವುದರೊಳಗೆ ಮುಗಿದುಹೋಗುವಂಥದ್ದು. ಮೊದಲನೇ ಟ್ಯಾಂಕಿನ ತಳದಲ್ಲಿ ಉಳಿದಿದ್ದನ್ನು ಮೂರು ಸೀಸೆಗೆ ತುಂಬಿಸಿ ಮೊಹರು ಹಾಕಿಸಿದಳು. ಸೀಸೆಗೆ ತುಂಬಿ ಮಿಕ್ಕಿದ ಹನಿಯನ್ನು ನಾಲಿಗೆಗೆ ತಾಕಿಸಿದಳು. ಇದು ಬೇರೆ. ಒರಟು. ಕೊನೆಗೆ ಕಪ್ಪು ಆಲಿವ್ ಕಚ್ಚಿದಾಗಿನ ಕಹಿ ನಾಲಿಗೆಯ ಹಿಂದೆ ಬಹಳ ಹೊತ್ತು ನಿಂತಿತು.

"ಎಲ್ಲ ಒಂದೇ ತೋಟದ್ದಾ?"

"ಎಲ್ಲ ನನ್ನದೇ."

"ಹೊರಗಿಂದ ತಂದು ಬೆರೆಸಿದ್ದು?"

"ಹೆಸರು ಪಡೆದ ವೈನಿಗೆ ಹೊರಗಿನ ಒಂದು ಹನಿ ಬೆರೆಸಬಾರದು ಅಂತ ನಿಯಮ ಇದೆ. ಅದನ್ನ ಈ ಊರಲ್ಲಿ ಜಾರಿ ಮಾಡೋನೇ ನಾನು. ನಂಗೇ ಪಾಠ ಹೇಳ್ತೀರಾ?"

"ಪಾಠ ಅಲ್ಲ, ಪ್ರಶ್ನೆ. ಬೆರೆಸಿದ್ದೀರಾ, ಇಲ್ವಾ?"

"ಇಲ್ಲ."

ಅವನ ದನಿ ತುಂಬ ಜೋರಾಗಿತ್ತು.

ಜೀಪಿನಲ್ಲಿ ಸೊಲೀನ್ ಕೇಳಿದಳು. "ಈ ವರ್ಷ ಸಮಿತಿ ಯಾರ ವೈನಿಗೆ ಹೆಸರು ಕೊಡಲಿಲ್ಲ?"

"ಒಂದೇ ಒಂದಕ್ಕೆ. ಕರಿಗುಡ್ಡದ ಮಗಾಲಿ ಸಿಕಾರ್ ಅವರದ್ದು. ಎರಡು ಸಲ ಕೊಟ್ಟರೂ ತಿರಸ್ಕಾರ" ಎಂದ ತಿಬೋ. "ನಮ್ಮ ಮಾವ ಸಮಿತಿಯಲ್ಲಿದ್ರು. ಗ್ಲಾಸಿನ ಮೇಲೆ ನಂಬರ್ ಮಾತ್ರ ಇರತ್ತೆ, ನಿಜ. ಆದ್ರೆ ಆ ಗುಡ್ಡದ್ದನ್ನ ಮೂಸಿದ್ರೆ ಸಾಕು, ನಮ್ಮೂರಲ್ಲಿ ಎಲ್ಲರಿಗೂ ಗೊತ್ತಾಗತ್ತೆ. ಗಾಲ್ತಿಯೇ ಒಂದ್ಸಲ ಮೂಸಿ ಕೆಳಗಿಟ್ರಂತೆ. 'ಇದು ಪೆಯ್ರಾಲ್ಬ್ ರುಚಿ ಅಲ್ಲ' ಅಂದ್ರಂತೆ. ಉಳಿದವರೂ ಕೆಳಗಿಟ್ರು."

"ನಿಮ್ಮ ಮಾವನೂ?"

"ಅವರೂ" ಎಂದ ತಿಬೋ, ರಸ್ತೆಯನ್ನೇ ನೋಡುತ್ತ.

"ಆ ವೈನ್ ಏನಾಯ್ತು?"

"ಹೆಸರಿಲ್ಲದ್ದಕ್ಕೆ ಯಾರು ಗಿರಾಕಿ? ಏಪ್ರಿಲ್‌ನಲ್ಲಿ ದಲ್ಲಾಳಿಯೊಬ್ಬ ಬಂದು ಲಾರಿಗೆ ತುಂಬಿಸ್ಕೊಂಡು ಹೋದ."

ಕರಿಗುಡ್ಡದ ಬುಡದಲ್ಲಿ ಸಿಕಾರ್ ಮನೆ. ಗುಡ್ಡದ ಮೇಲೆ ಮೊಣಕಾಲೆತ್ತರದ ಹಳೇ ಬಳ್ಳಿಗಳು, ಕಂಬವಿಲ್ಲ, ತಂತಿಯಿಲ್ಲ, ತಮ್ಮ ಕಾಲ ಮೇಲೆ ತಾವೇ ನಿಂತಿದ್ದವು. ಮಗಾಲಿಯ ಅಜ್ಜ ನೆಟ್ಟಿದ್ದು. ಅಡುಗೆಮನೆಯಲ್ಲಿ ಮಗಾಲಿ ಬದನೆಕಾಯಿ ಹೆಚ್ಚುತ್ತಿದ್ದಳು. ಅವಳ ಮಗಳು ಕ್ಲೆಲಿ, ಒಂಬತ್ತು ವರ್ಷದವಳು, ಬಟಾಣಿ ಬಿಡಿಸುತ್ತ ಕೂತಿದ್ದಳು. ಪೊಲೀಸರನ್ನು ಕಂಡು ಮಗಾಲಿ ಚಾಕು ಕೆಳಗಿಟ್ಟಳು. ಆಶ್ಚರ್ಯಪಡಲಿಲ್ಲ.

"ಬನ್ನಿ ಮೇಡಂ. ಕಾಫಿ?"

"ಬೇಡ. ನೆನ್ನೆ ರಾತ್ರಿ ಎಲ್ಲಿದ್ರಿ?"

"ನಿಮಗೆ ಗೊತ್ತಾಗಿರೋದಕ್ಕೇ ತಾನೆ ಬಂದಿರೋದು."

"ನಿಮ್ಮ ಬಾಯಿಂದ ಕೇಳಬೇಕು. ಎರಡನೇ ಟ್ಯಾಂಕ್ ಯಾಕೆ ಬಿಟ್ರಿ?"

"ಅದರಲ್ಲಿ ನನ್ನದಿರಲಿಲ್ಲ."

ತಿಬೋನ ಪೆನ್ನು ನಿಂತಿತು.

"ಅಮ್ಮಾ, ಅದು..." ಎಂದಳು ಕ್ಲೆಲಿ.

"ನೀನು ಸುಮ್ನಿರು, ಪುಟ್ಟಿ" ಎಂದಳು ಮಗಾಲಿ. ಆಮೇಲೆ ಸೊಲೀನಳ ಕಡೆ ತಿರುಗಿದಳು. "ಭಾನುವಾರ ಊರ ಸಭಾಂಗಣದಲ್ಲಿ ಗಾಲ್ತಿಯೇ ಎಲ್ಲರಿಗೂ ತನ್ನ ಹೊಸ ವೈನ್ ಹಂಚಿದ. ನಂಗೂ ಒಂದು ಗ್ಲಾಸ್ ಕೊಟ್ಟ, ದೊಡ್ಡ ಮನಸ್ಸು ಮಾಡಿ. 'ಕುಡಿದು ನೋಡು, ಪೆಯ್ರಾಲ್ಬ್ ಅಂದ್ರೆ ಹೀಗಿರಬೇಕು' ಅಂದ. ಬಾಯಿಗಿಟ್ಟೆ. ನಮ್ಮಜ್ಜನ ಗುಡ್ಡ ಮೇಡಂ. ಮಧ್ಯೆ ಅವನ ಸಿಹಿ ನೀರು, ಕೊನೆಗೆ ನನ್ನ ಗುಡ್ಡ. ಆ ಕಹಿ ಇನ್ನೆಲ್ಲೂ ಬರಲ್ಲ. ಸುತ್ತ ಎಲ್ಲರೂ ಚಪ್ಪಾಳೆ ತಟ್ಟಿದ್ರು. ಸಮಿತಿಯವರೂ ತಟ್ಟಿದ್ರು. ಅವರಿಗೆ ಗೊತ್ತಾಗಿಲ್ಲ ಅಂತ ನಾನು ನಂಬಲ್ಲ."

"ಮುಚ್ಚಳ ಯಾಕೆ ತೆಗೆದ್ರಿ?"

ಮಗಾಲಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ತೆಗೀದೇ ಬಿಟ್ರೆ ಟ್ಯಾಂಕ್ ಹಾಳಾಗಲ್ವಾ? ಟ್ಯಾಂಕ್ ನಂಗೇನು ಮಾಡಿತ್ತು?"

ಸೊಲೀನ್ ಕುರ್ಚಿ ಎಳೆದು ಕೂತಳು. ಬೆಳಗಿನಿಂದ ತಡೆದಿದ್ದ ಸಿಟ್ಟು ಈಗ ತಪ್ಪು ವ್ಯಕ್ತಿಯ ಮೇಲೆ ಬರುತ್ತಿದೆ ಎಂದು ಗೊತ್ತಿದ್ದೂ ತಡೆಯಲಾಗಲಿಲ್ಲ.

"ನನ್ನ ಹತ್ರ ಬರಬೇಕಿತ್ತು ಮಗಾಲಿ! ಹೆಸರಿಲ್ಲದ ವೈನನ್ನ ಹೆಸರಿನ ವೈನಿಗೆ ಬೆರೆಸೋದು ಅಪರಾಧ. ಅವನು ಜೈಲಿಗೆ ಹೋಗ್ತಿದ್ದ. ಸಾಕ್ಷಿಯೆಲ್ಲ ಆ ಟ್ಯಾಂಕುಗಳಲ್ಲೇ ಇತ್ತು. ಅದನ್ನ ನಿಮ್ಮ ಕೈಯಾರೆ ಚರಂಡಿಗೆ ಬಿಟ್ರಲ್ಲ!"

"ಬಂದಿದ್ರೆ ಏನು ಮಾಡ್ತಿದ್ರಿ?"

"ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸ್ತಿದ್ದೆ."

"ಅವರ ಯಂತ್ರ ಏನು ಹೇಳತ್ತೆ? ಹುಳಿ ಎಷ್ಟು, ಮದ್ಯ ಎಷ್ಟು ಅಂತ ಹೇಳತ್ತೆ. ಯಾವ ಗುಡ್ಡದ್ದು ಅಂತ ಹೇಳತ್ತಾ? ಅದು ಹೇಳೋದಕ್ಕೆ ನಾಲಿಗೆ ಬೇಕು. ನಮ್ಮೂರಲ್ಲಿ ನಾಲಿಗೆಗಳಿಗೆ ಮುಖ್ಯಸ್ಥ ಯಾರು ಅಂತ ನಿಮಗೆ ಗೊತ್ತಲ್ಲ."

ಸೊಲೀನ್ ಕಿಟಕಿಯಾಚೆ ಜೀಪಿನ ಕಡೆ ನೋಡಿದಳು. ಮೊಹರು ಹಾಕಿದ ಮೂರು ಸೀಸೆಗಳು ಜೀಪಿನಲ್ಲಿದ್ದವು. ಇವತ್ತೇ ಕಳಿಸುತ್ತಾಳೆ. ದಲ್ಲಾಳಿಯನ್ನೂ ಹುಡುಕಿಸುತ್ತಾಳೆ. ಗಾಲ್ತಿಯೇ ಮಾತ್ರ ಸಂಜೆಯೊಳಗೆ ವಕೀಲನನ್ನು ಹಿಡಿದು, ಯಾರು ಎಲ್ಲಿಂದ ತಂದದ್ದೋ ನನಗೇನು ಗೊತ್ತು ಎಂದು ಕೂರುತ್ತಾನೆ.

"ಅವನು..." ಎಂದಳು ಕ್ಲೆಲಿ ಮತ್ತೆ, ಬೆರಳ ತುದಿಯಲ್ಲಿ ಒಂದು ಬಟಾಣಿ ಹಿಡಿದು.

"ದೊಡ್ಡೋರು ಮಾತಾಡುವಾಗ ಬೇಡ ಅಂದೆನಲ್ಲ."

ಹೇಳಿಕೆ ಬರೆದು ಮುಗಿಯುವಾಗ ಹನ್ನೊಂದೂವರೆ. ಕಾರಣ ಎಂಬಲ್ಲಿ ತಿಬೋ 'ವೈಯಕ್ತಿಕ ದ್ವೇಷ' ಎಂದು ಬರೆದಿದ್ದ. ಸೊಲೀನ್ ಅದನ್ನು ಹೊಡೆದುಹಾಕಿದಳು. ಮಗಾಲಿ ಸಿಕಾರ್‌ಗೆ ಗಾಲ್ತಿಯೇ ಮೇಲೆ ದ್ವೇಷವಿದ್ದದ್ದು ನಿಜ. ಆದರೆ ಅವನ ಮನೆಗೆ ಅವಳು ಬೆಂಕಿ ಇಡಲಿಲ್ಲ, ಬರೀ ಅವನದೇ ಆಗಿದ್ದ ವೈನನ್ನು ಚೆಲ್ಲಲಿಲ್ಲ. ಅಜ್ಜನ ಕಾಲದಿಂದ ಆ ಗುಡ್ಡದ ವೈನಿನ ಮೇಲೆ ಊರಿನ ಹೆಸರಿತ್ತು. ಅದು ಹೋದ ಮೇಲೆ, ಇನ್ನೊಬ್ಬನ ಬಾಟಲಿಯೊಳಗೆ ಗುರುತಿಲ್ಲದೆ ಕೂರುವುದಕ್ಕಿಂತ ಚರಂಡಿಯಲ್ಲಿ ಹರಿಯುವುದು ಮೇಲು ಎಂದು ಅವಳಿಗೆ ಅನ್ನಿಸಿತ್ತು. ಇಷ್ಟನ್ನು ಬರೆಯಲು ಆ ಜಾಗದಲ್ಲಿ ಎರಡೇ ಸಾಲು ಇದ್ದವು. ಸೊಲೀನ್ ಅಂಚಿನವರೆಗೂ ಬರೆದಳು.

"ಮಗೂದು ಊಟ ಆಯ್ತಾ?" ಎಂದು ಮಗಾಲಿಯನ್ನು ಕೇಳಿದಳು.

"ಇನ್ನೂ ಇಲ್ಲ" ಎಂದಳು ಮಗಾಲಿ. ಅಷ್ಟು ಹೊತ್ತೂ ಗಟ್ಟಿಯಾಗಿದ್ದ ದನಿ ಅಲ್ಲಿ ಒಡೆಯಿತು.

"ತಿಬೋ, ಜೊಸಿಯಾನ್‌ಗೆ ಫೋನ್ ಮಾಡಿ ಕರೆಸು. ಅವಳು ಬಂದು ಮಗು ಉಣ್ಣೋವರೆಗೆ ನಾವು ಹೊರಡಲ್ಲ."

ಬದನೆಕಾಯಿ ಸಾರನ್ನು ಮಗಾಲಿಯೇ ಕುದಿಸಿ ಮಗಳಿಗೆ ಬಡಿಸಿದಳು. ಯಾರೂ ಅವಸರ ಮಾಡಲಿಲ್ಲ. ಕ್ಲೆಲಿ ನಾಲ್ಕು ತುತ್ತು ತಿಂದು ತಟ್ಟೆ ಸರಿಸಿದಳು. ಆಮೇಲೆ ಸೊಲೀನ್ ಬಂಧನದ ಕಾಗದ ಓದಿ ಹೇಳಿ ಸಹಿ ಹಾಕಿಸಿಕೊಂಡಳು. ಬೇಡಿ ಹಾಕಲಿಲ್ಲ.

ಸುದ್ದಿ ಆಗಲೇ ಊರು ಸುತ್ತಿತ್ತು. ಗೇಟಿನ ಹೊರಗೆ ಹತ್ತಾರು ಜನ ಸೇರಿದ್ದರು. ಬೇಕರಿಯವನಿದ್ದ, ತಿಬೋನ ಮಾವನಿದ್ದ, ಸಮಿತಿಯ ಇನ್ನಿಬ್ಬರಿದ್ದರು. ಎಲ್ಲರ ಮುಂದೆ ಗಾಲ್ತಿಯೇ ನಿಂತಿದ್ದ, ಬೇರೆ ಶೂ ಹಾಕಿಕೊಂಡು ಬಂದಿದ್ದ.

"ನೋಡಿದ್ರಾ?" ಎಂದ ಅವನು ಸುತ್ತಲಿನವರಿಗೆ ಕೇಳುವಂತೆ. "ವೈನ್ ಮಾಡೋಕೆ ಬರದೋರಿಗೆ ಚೆಲ್ಲೋಕೆ ಮಾತ್ರ ಚೆನ್ನಾಗಿ ಬರತ್ತೆ."

ಯಾರೂ ನಗಲಿಲ್ಲ. ಯಾರೂ ಬೈಯಲೂ ಇಲ್ಲ. ತಿಬೋನ ಮಾವ ತನ್ನ ಟೋಪಿಯ ಅಂಚನ್ನು ತಿರುಗಿಸುತ್ತ ನಿಂತಿದ್ದ. ಸೊಲೀನ್ ಜೀಪಿನ ಬಾಗಿಲು ತೆರೆದಳು. ಮಗಾಲಿ ತಲೆ ತಗ್ಗಿಸದೆ ಹತ್ತಿದಳು.

ಜೊಸಿಯಾನಳ ಕೈ ಬಿಡಿಸಿಕೊಂಡು ಕ್ಲೆಲಿ ಗೇಟಿನವರೆಗೆ ನಡೆದು ಬಂದಳು. ಈ ಸಲ ಸುಮ್ಮನಿರು ಎನ್ನಲು ಅವಳಮ್ಮ ಪಕ್ಕದಲ್ಲಿರಲಿಲ್ಲ. ಅವಳು ಗಾಲ್ತಿಯೇ ಎದುರು ನಿಂತು, ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ ಕೇಳಿದಳು.

"ತಾತಾ, ನಮ್ಮಮ್ಮನ ವೈನ್ ಚೆನ್ನಾಗಿಲ್ಲ ಅಂತ ನೀವೇ ಹೇಳಿದ್ರಲ್ಲ. ಮತ್ತೆ ನಿಮ್ಮ ಟ್ಯಾಂಕಿಗೆ ಯಾಕೆ ಹಾಕ್ಕೊಂಡ್ರಿ?"